ಸೋಮವಾರ ಬೆಳಿಗ್ಗೆ ಏಳು ಹತ್ತು

ಹೆಬ್ಬಾಳ

ಹೊರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಚಾಕಲೇಟು ತರುತ್ತಾರೆ. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಯಾರಾದರೂ ಸೂಟ್‌ಕೇಸ್ ಎಳೆದುಕೊಂಡು ಬಂದರೆ ಸಾಕು, ಅಕ್ಕಪಕ್ಕದವರು ಸಂಜೆಯೊಳಗೆ ಕುಶಲ ವಿಚಾರಿಸುವ ನೆಪದಲ್ಲಿ ಬಂದು ಕೂರುತ್ತಾರೆ. ನನ್ನ ಮನೆಗೂ ಬಂದರು. ಚಾಕಲೇಟು ತಿಂದರು, ಚಳಿ ಎಷ್ಟಿತ್ತು ಎಂದು ಕೇಳಿದರು, ಎದ್ದು ಹೋದರು. ನಾನು ಆ ದೇಶದಿಂದ ಹೊತ್ತು ತಂದ ಇನ್ನೊಂದು ಸರಕಿನ ಬಗ್ಗೆ ಅವರಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ನಾನು ಹೆಬ್ಬಾಳದ ಆಚೆಗಿರುವ ಒಂದು ಸಣ್ಣ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು. ವಿಭಾಗ ಎಂದರೆ ನಾನು, ಟೈಪು ಮಾಡುವ ಇಬ್ಬರು ಹೆಣ್ಣುಮಕ್ಕಳು, ಮತ್ತು ಎಸಿ ಇರುವ ಒಂದು ಕೋಣೆ. ರಾಗಿಗೆ ಬೆಂಕಿರೋಗ ಯಾವಾಗ ತಗಲುತ್ತದೆ ಎಂದು ನಮ್ಮ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಬೇಕಾದ ಉಷ್ಣಾಂಶ, ತೇವ, ಮಳೆಯ ಅಂಕಿಗಳೆಲ್ಲ ನನ್ನ ಯಂತ್ರಗಳಲ್ಲಿ ಇರುತ್ತಿದ್ದವು. ಇರುತ್ತಿದ್ದವು ಎನ್ನುವುದಕ್ಕಿಂತ ಬಿದ್ದಿರುತ್ತಿದ್ದವು ಎನ್ನುವುದೇ ಸರಿ. ಒಂದೇ ಕಡತ ನಾಲ್ಕು ಮಂದಿಯ ಬಳಿ ನಾಲ್ಕು ರೂಪದಲ್ಲಿ ಇರುತ್ತಿತ್ತು. ಒಂದರ ಹೆಸರು 'ಫೈನಲ್', ಇನ್ನೊಂದು 'ಫೈನಲ್ ಎರಡು', ಮತ್ತೊಂದು 'ರಿಯಲ್ ಫೈನಲ್', ಕೊನೆಯದು 'ದಯವಿಟ್ಟು ಇದನ್ನೇ ಬಳಸಿ'. ಯಾರು ಯಾವಾಗ ಯಾವ ಅಂಕಿ ತಿದ್ದಿದರೆಂದು ಬ್ರಹ್ಮನಿಗೂ ಗೊತ್ತಿರಲಿಲ್ಲ.

ಇದಕ್ಕೆ ಮದ್ದು ಫಿನ್ಲೆಂಡಿನಲ್ಲಿದೆ ಎಂದು ನಮ್ಮ ನಿರ್ದೇಶಕರಿಗೆ ಯಾರೋ ಹೇಳಿದರು. ಅಲ್ಲಿನ ಒಂದು ಗಣಕ ಕೇಂದ್ರದವರು ಸಂಶೋಧನೆಯ ಅಂಕಿಅಂಶಗಳನ್ನು ಕಾಪಾಡುವ ಒಂದು ವ್ಯವಸ್ಥೆ ಮಾಡಿದ್ದರು. ನಮ್ಮ ಅಂಕಿಗಳನ್ನು ಅಲ್ಲಿಗೆ ಒಯ್ದು, ಒಂದು ವಾರ ಅದರೊಳಗೆ ಹಾಕಿ ತೆಗೆದು, ನಮಗೆ ಒಗ್ಗುತ್ತದೋ ಇಲ್ಲವೋ ಎಂದು ವರದಿ ಬರೆಯುವುದು ನನ್ನ ಕೆಲಸ. ನಾಗಸಂದ್ರಕ್ಕೆ ಮೆಟ್ರೊ ಬಂದ ವರ್ಷ ಅದು. ನಾನು ಮೆಟ್ರೊ ಹತ್ತುವ ಮೊದಲೇ ವಿಮಾನ ಹತ್ತಿದೆ.

ಪರೀಕ್ಷೆಗೆಂದು ನಾನು ಆರಿಸಿಕೊಂಡದ್ದು ಮುನಿಯಪ್ಪನವರ ಅಂಕಿಗಳನ್ನು. ನಮ್ಮ ಆವರಣದ ಮೂಲೆಯಲ್ಲಿ ತಂತಿಬೇಲಿಯೊಳಗೆ, ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆಯಿದೆ. ಅದರೊಳಗೆ ಉಷ್ಣಮಾಪಕಗಳಿವೆ. ದಿನಾ ಬೆಳಿಗ್ಗೆ ಎಂಟೂವರೆಗೆ ಆ ಪೆಟ್ಟಿಗೆ ತೆರೆದು, ಅಂಕಿ ಓದಿ, ಬರೆದಿಡುವವರು ಮುನಿಯಪ್ಪ. ದೇಶದಾದ್ಯಂತ ಓದುವ ಹೊತ್ತು ಅದೇ. ಅವರು ಸಿಂಗಾಪುರದವರು. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ, ಸಮುದ್ರದಾಚೆಯದಲ್ಲ. ಅಣ್ಣತಮ್ಮಂದಿರು ಹೊಲವನ್ನು ಸೈಟು ಮಾಡಿ ಮಾರಿ ಕಟ್ಟಡ ಕಟ್ಟಿಸುವ ಕಸುಬಿಗೆ ಇಳಿದರೂ ಇವರು ಸೈಕಲ್ ತುಳಿದುಕೊಂಡು ಪೆಟ್ಟಿಗೆ ತೆರೆಯಲು ಬರುತ್ತಲೇ ಇದ್ದರು. ಮಗಳ ಮದುವೆಯ ದಿನ ಬಂದಿದ್ದರು. ಹೆಂಡತಿ ತೀರಿಕೊಂಡ ದಿನವೂ ಬಂದು, ಓದಿ, ಬರೆದು, ಆಮೇಲೆ ಹೆಣ ಎತ್ತಲು ಹೋಗಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಖಾಲಿ ಇಲ್ಲ. ನಿವೃತ್ತಿಯಾದ ಮೇಲೂ ಸಂಸ್ಥೆ ಅವರನ್ನು ವರ್ಷ ವರ್ಷ ಮುಂದುವರಿಸಿಕೊಂಡು ಬಂದದ್ದು ಇದೇ ಕಾರಣಕ್ಕೆ.

ನಾನು ಹೊರಡುವ ದಿನ ಅವರು ಗೇಟಿನ ಬಳಿ ಕಾಯುತ್ತಿದ್ದರು.

"ಅಲ್ಲಿ ನಾನ್ ಬರ್ದಿರೋದ್ನ ನೋಡ್ತಾರಾ ಸಾ?" ಎಂದರು.

"ನೋಡೋದೇನು, ಅದನ್ನೇ ತಗೊಂಡು ಹೋಗ್ತಿರೋದು ಮುನಿಯಪ್ಪ."

"ನನ್ನೆಸ್ರು ಇರ್ತದಾ ಅದ್ರಾಗೆ?"

ಆ ವ್ಯವಸ್ಥೆಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೂ ಅದನ್ನು ಓದಿದವರ ಹೆಸರು ಇರುತ್ತದೆ ಎಂದು ನಾನು ಓದಿಕೊಂಡಿದ್ದೆ. ಹಾಗೆಂದು ಹೇಳಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು. "ಉಸಾರಾಗಿ ಓಗ್ ಬನ್ನಿ" ಎಂದು ಸೈಕಲ್ ಹತ್ತಿದರು. ಅವರ ಹೆಸರನ್ನು ಏನು ಮಾಡಿ ಬರುತ್ತೇನೆಂದು ನನಗೆ ಆಗ ಗೊತ್ತಿರಲಿಲ್ಲ.

ಔಲು, ಮೊದಲ ದಿನ

ಊರಿನ ಹೆಸರು ಔಲು. ಹೆಲ್ಸಿಂಕಿಯಿಂದ ಇನ್ನೊಂದು ವಿಮಾನ ಹಿಡಿದು ಉತ್ತರಕ್ಕೆ ಹೋಗಬೇಕು. ಮಧ್ಯಾಹ್ನ ಮೂರಕ್ಕೆ ಇಳಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ನನ್ನ ಗಡಿಯಾರ ನಿಂತಿದೆ ಎಂದುಕೊಂಡು ಎರಡು ಸಲ ಕೈ ಕೊಡವಿದೆ. ಆಮೇಲೆ ತಿಳಿಯಿತು, ಆ ಕಾಲದಲ್ಲಿ ಅಲ್ಲಿ ಸೂರ್ಯ ಸರ್ಕಾರಿ ಗುಮಾಸ್ತನಿಗಿಂತ ತಡವಾಗಿ ಬಂದು ಬೇಗ ಹೋಗುತ್ತಾನೆ.

ಬಸ್ ನಿಲ್ದಾಣದಲ್ಲಿ ಆರು ಮಂದಿ ನಿಂತಿದ್ದರು. ಒಬ್ಬೊಬ್ಬರ ನಡುವೆ ಎರಡೆರಡು ಮಾರು ಜಾಗ. ಮನೆಯಲ್ಲಿ ಜಗಳ ಮಾಡಿಕೊಂಡು ಬಂದ ಒಂದೇ ಕುಟುಂಬದವರಿರಬೇಕು ಎಂದುಕೊಂಡೆ. ಅಲ್ಲವಂತೆ, ಅಲ್ಲಿ ನಿಲ್ಲುವುದೇ ಹಾಗೆ. ನಾನು ಅಭ್ಯಾಸಬಲದಿಂದ ಒಬ್ಬರ ಬೆನ್ನಿಗೆ ಆತುಕೊಂಡು ನಿಂತೆ. ಅವರು ಒಂದು ಹೆಜ್ಜೆ ಸರಿದರು. ಜಾಗ ಬಿಟ್ಟರಲ್ಲಾ ಎಂದು ನಾನೂ ಸರಿದೆ. ಹೀಗೆ ಇಬ್ಬರೂ ನಿಲ್ದಾಣ ದಾಟಿ ಹಿಮದೊಳಕ್ಕೆ ಹೋದೆವು.

ಇಳಿಯುವ ಜಾಗದಲ್ಲಿ ಹಿಮ ಗಾಜಾಗಿತ್ತು. ಕಾಲಿಟ್ಟೆ, ಬಿದ್ದೆ. ಒಬ್ಬ ಮುದುಕ ಬಂದು ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಿ, ಬೆನ್ನಿನ ಹಿಮ ಕೊಡವಿ, ಒಂದೂ ಮಾತಾಡದೆ ಹೊರಟುಹೋದ. ಇದೇ ನಾನು ಆರ್.ಟಿ. ನಗರದಲ್ಲಿ ಬಿದ್ದಿದ್ದರೆ ಹತ್ತು ಜನ ಸೇರಿ, ಒಬ್ಬ ಸೋಡಾ ತಂದು, ಇನ್ನೊಬ್ಬ "ನೋಡ್ಕೊಂಡ್ ನಡೀಬಾರ್ದಾ ಗುರು" ಎಂದು ಬೈದು, ಮೂರನೆಯವನು ಕಾರ್ಪೊರೇಷನ್ನಿನವರ ಜನ್ಮ ಜಾಲಾಡುತ್ತಿದ್ದ. ಅಲ್ಲಿ ಯಾರೂ ಬೈಯಲಿಲ್ಲ. ಏಕೋ ಏನೋ, ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಎರಡನೆಯ ದಿನ

ಗಣಕ ಕೇಂದ್ರದಲ್ಲಿ ನನ್ನನ್ನು ನೋಡಿಕೊಂಡವರು ಹೆಲ್ಮಿ ಎಂಬ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕಾಲಲ್ಲಿ ಕೆಂಪು ಉಣ್ಣೆಯ ಕಾಲುಚೀಲ. ಅಲ್ಲಿ ಎಲ್ಲರೂ ಷೂ ಬಾಗಿಲಲ್ಲಿ ಬಿಟ್ಟು ಒಳಗೆ ಬರುತ್ತಾರೆ. ಸಾವಿರಾರು ಮೈಲಿ ಬಂದು ಚಪ್ಪಲಿ ಬಿಡುವ ಜಾಗ ನೋಡಿದ ಮೇಲೆ ನನಗೆ ಹೋದ ಜೀವ ಬಂತು. ಆ ಸಂತೋಷದಲ್ಲಿ ಅವರು ಕೊಟ್ಟ ಕರಿಯ ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡೆ. ಅದು ಉಪ್ಪು. ಉಪ್ಪಿನ ಜೊತೆಗೆ ಕಲಾಯಿಯವರು ಬಳಸುವ ನವಸಾಗರ. ಉಗುಳಲು ಜಾಗ ಕಾಣದೆ ನುಂಗಿದೆ. ಚೆನ್ನಾಗಿದೆ ಎಂದೆ. ನನ್ನ ಸುಳ್ಳಿಗೆ ಮೆಚ್ಚಿ ಹೆಲ್ಮಿ ಇನ್ನೊಂದು ಕೊಟ್ಟರು.

ವ್ಯವಸ್ಥೆ ತೋರಿಸಿದರು. ಅದರ ಗುಣವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಅದರೊಳಗೆ ಒಮ್ಮೆ ಬರೆದದ್ದು ಅಳಿಯುವುದಿಲ್ಲ. ತಪ್ಪು ಬರೆದರೆ ಅದರ ಕೆಳಗೆ ಸರಿಯಾದದ್ದನ್ನು ಬರೆಯಬಹುದು, ಆದರೆ ತಪ್ಪು ಅಲ್ಲಿಯೇ ಇರುತ್ತದೆ. ಯಾರು ಬರೆದರು, ಯಾವಾಗ ಬರೆದರು, ಎಲ್ಲವೂ ಉಳಿಯುತ್ತದೆ. ಇಷ್ಟು ವರ್ಷ 'ರಿಯಲ್ ಫೈನಲ್'ಗಳ ನಡುವೆ ಬದುಕಿದವನಿಗೆ ಇದು ದೇವರ ಲೆಕ್ಕದ ಪುಸ್ತಕ ಕಂಡ ಹಾಗಾಯಿತು.

"ಯಾರೂ ಅಳಿಸಲಾರರೇ? ನೀವೂ?" ಎಂದು ಕೇಳಿದೆ.

"ನಾನೂ ಅಳಿಸಲಾರೆ. ಅದಕ್ಕಾಗಿಯೇ ಇದನ್ನು ಕಟ್ಟಿದ್ದು" ಎಂದರು ಹೆಲ್ಮಿ.

ನನ್ನ ನೋಟ್‌ಬುಕ್ಕಿನಲ್ಲಿ ಬಹಳ ಒಳ್ಳೆಯ ಗುಣ ಎಂದು ಬರೆದು ಎರಡು ಗೆರೆ ಎಳೆದೆ. ಸಂಜೆಯೊಳಗೆ ಮುನಿಯಪ್ಪನವರ ಹತ್ತೊಂಬತ್ತು ವರ್ಷವೂ ಅದರೊಳಗೆ ಹೋಯಿತು. ಓದಿದವರು ಎಂಬ ಜಾಗದಲ್ಲಿ ಪ್ರತಿ ದಿನದ ಮುಂದೆಯೂ ಅವರ ಹೆಸರು ನಿಂತಿತು.

ಮೂರನೆಯ ದಿನ

ಅಂಕಿಗಳಲ್ಲಿ ಏನಾದರೂ ಹುಳುಕಿದೆಯೇ ಎಂದು ಆ ವ್ಯವಸ್ಥೆ ತಾನಾಗಿಯೇ ಸೋಸಿ ನೋಡುತ್ತದೆ. ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ಹೆಲ್ಮಿ ಪರದೆಯ ಮುಂದೆ ಕೂತಿದ್ದರು. ಪರದೆಯ ಮೇಲೆ ಏಳು ಕಂಬಗಳಿದ್ದವು, ವಾರದ ಒಂದೊಂದು ದಿನಕ್ಕೆ ಒಂದೊಂದು. ಆರು ಒಂದೇ ಎತ್ತರ. ಒಂದು ಮಾತ್ರ ಗಿಡ್ಡ.

"ಬೆಂಗಳೂರಿನಲ್ಲಿ ಸೋಮವಾರ ಏನಾಗುತ್ತದೆ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಹತ್ತೊಂಬತ್ತು ವರ್ಷವೂ, ಮಳೆಗಾಲವಾಗಲಿ ಬೇಸಿಗೆಯಾಗಲಿ, ಸೋಮವಾರದ ಬೆಳಿಗ್ಗೆ ಮಾತ್ರ ಉಳಿದ ದಿನಗಳಿಗಿಂತ ತಂಪು. ಪ್ರಕೃತಿಗೆ ವಾರ ಗೊತ್ತಿಲ್ಲ, ವಾರ ಗೊತ್ತಿರುವುದು ಮನುಷ್ಯರಿಗೆ ಮಾತ್ರ ಎಂದರು. ಭಾನುವಾರ ಕಾರ್ಖಾನೆಗಳಿಗೆ ರಜೆ, ಅದಕ್ಕೆ ಸೋಮವಾರ ತಂಪಿರಬಹುದು ಎಂದು ನಾನು ಏನೋ ಒದರಿದೆ. ಒದರುತ್ತಿರುವಾಗಲೇ ನನಗೆ ಹೊಳೆಯಿತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ನಮ್ಮಲ್ಲಿ ಗೋಡೆಯ ಕ್ಯಾಲೆಂಡರ್ ನೋಡುವ ಯಾರಿಗೂ ಇದು ಗೊತ್ತು. ಉಳಿದ ಆರು ದಿನ ರಾಹುಕಾಲ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಎಂಟೂವರೆಯನ್ನು ನುಂಗುವುದು ಸೋಮವಾರದ ರಾಹುಕಾಲ ಒಂದೇ.

ಮುನಿಯಪ್ಪ ರಾಹುಕಾಲದಲ್ಲಿ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಏಳೂವರೆಗೆ ಮುಂಚೆಯೇ ಬಂದು ಓದಿಕೊಂಡು, ಎಂಟೂವರೆ ಎಂದು ಬರೆದಿದ್ದರು. ಹೊತ್ತು ಏರದ ಬೆಳಗಿನಲ್ಲಿ ಒಂದು ಗಂಟೆಗೂ ಮಿಕ್ಕಿದ ವ್ಯತ್ಯಾಸ ಎಂದರೆ ಎರಡು ಡಿಗ್ರಿ ತಂಪು.

ಇದನ್ನು ಹೆಲ್ಮಿಗೆ ವಿವರಿಸುವಷ್ಟರಲ್ಲಿ ನನಗೆ ಬೆವರಿತು. ಅವರು ನಗಲಿಲ್ಲ. "ದಿನಕ್ಕೆ ಒಂದೂವರೆ ಗಂಟೆ ಯಾವ ಕೆಲಸವನ್ನೂ ಆರಂಭಿಸಬಾರದು, ಹಾಗೆಯೇ? ನಮ್ಮ ಕಚೇರಿಗೂ ಅದು ಬೇಕು" ಎಂದು ಕಾಫಿ ಕುಡಿದರು. ಆದರೆ ಕೋಣೆಯಲ್ಲಿ ಇನ್ನಿಬ್ಬರು ಇದ್ದರು, ಅವರು ಪರಸ್ಪರ ನೋಡಿಕೊಂಡರು. ಆ ನೋಟ ನನ್ನನ್ನು ಸುಟ್ಟಿತು. ಬೆಂಗಳೂರಿನಿಂದ ಬಂದವನು, ರಾಹುಕಾಲ ನೋಡಿ ಬರೆದ ಅಂಕಿಗಳನ್ನು ಜಗತ್ತಿನ ಮುಂದೆ ಹರಡಿ ಕೂತಿದ್ದಾನೆ. ನನಗೆ ಮುನಿಯಪ್ಪನ ಮೇಲೆ ಕೋಪ ಬಂತು. ಹೆಂಡತಿ ಸತ್ತ ದಿನವೂ ಬಂದವನಿಗೆ ಸೋಮವಾರ ಎಂಟೂವರೆಗೆ ಬರಲಾಗಲಿಲ್ಲವೇ ಎಂದು ಮನಸ್ಸಿನಲ್ಲೇ ಏಕವಚನಕ್ಕಿಳಿದೆ.

ಸೋಮವಾರಗಳ ಮುಂದೆ ಒಂದು ಟಿಪ್ಪಣಿ ಬರೆಯಬೇಕಿತ್ತು. "ಗೊತ್ತಿರುವುದನ್ನು ಮಾತ್ರ ಬರೆಯಿರಿ. ಅಂಕಿ ತಂಪಾಗಿದೆ, ಕಾರಣ ವಿಚಾರಿಸಬೇಕು, ಅಷ್ಟು ಸಾಕು" ಎಂದರು ಹೆಲ್ಮಿ.

ನನಗೆ ಸಾಕಾಗಲಿಲ್ಲ. ನಮ್ಮ ಸಂಸ್ಥೆ ತಪ್ಪನ್ನು ಮುಚ್ಚಿಡುವುದಿಲ್ಲ ಎಂದು ಆ ಇಬ್ಬರಿಗೆ ತೋರಿಸಬೇಕಿತ್ತು. 'ಓದುವವರು ಸಮಯವನ್ನು ಸುಳ್ಳಾಗಿ ದಾಖಲಿಸಿದ್ದಾರೆ' ಎಂದು ಬರೆದೆ. ಗುಂಡಿ ಒತ್ತಿದೆ. ಹತ್ತೊಂಬತ್ತು ವರ್ಷದ ಪ್ರತಿ ಸೋಮವಾರವೂ ಮುನಿಯಪ್ಪನವರ ಹೆಸರಿನ ಪಕ್ಕದಲ್ಲಿ ಆ ಸಾಲು ಮೂಡಿತು. ಅದೇ ಉರಿಯಲ್ಲಿ ನಿರ್ದೇಶಕರಿಗೂ ಒಂದು ಮೇಲ್ ಕಳಿಸಿದೆ. ಹೋಟೆಲಿಗೆ ಹೋಗಿ, ಹೆಂಡತಿ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಅಲ್ಲಿನ ಕರಿಯ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಕರ್ತವ್ಯ ಮಾಡಿದವನ ಹಸಿವು ಅದು, ಚೆನ್ನಾಗಿಯೇ ಸೇರಿತು.

ನಾಲ್ಕನೆಯ ದಿನ, ನೆಲಮಾಳಿಗೆ

ಮಾರನೆಯ ದಿನ ಮಧ್ಯಾಹ್ನ ಹೆಲ್ಮಿ, "ಕಾಗದ ತೋರಿಸುತ್ತೇನೆ ಬನ್ನಿ" ಎಂದು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಕಬ್ಬಿಣದ ಕಪಾಟುಗಳ ತುಂಬ ಹಳೆಯ ಪುಸ್ತಕಗಳು. ಸಮುದ್ರದ ನಡುವಿನ ಒಂದು ದ್ವೀಪದಲ್ಲಿ ದೀಪಸ್ತಂಭ ಕಾಯುತ್ತಿದ್ದವನು ದಿನಾ ಚಳಿಯ ಅಂಕಿ ಬರೆದಿಟ್ಟ ಪುಸ್ತಕ ಒಂದನ್ನು ತೆಗೆದರು. ಎಲ್ಲ ಪೆನ್ಸಿಲಿನಲ್ಲಿತ್ತು. ಚಳಿಗೆ ಶಾಯಿ ಹೆಪ್ಪುಗಟ್ಟುತ್ತಿತ್ತು, ಅದಕ್ಕೆ ಪೆನ್ಸಿಲ್ ಎಂದರು.

"ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ ಮೇಲೆ ಇವನ್ನೇಕೆ ಇಟ್ಟುಕೊಂಡಿದ್ದೀರಿ? ನಾವು ಟೈಪು ಮಾಡಿ ಮುಗಿಸಿದ ಕೂಡಲೇ ಹಳೆಯ ರಿಜಿಸ್ಟರುಗಳನ್ನೆಲ್ಲ ವಿಲೇವಾರಿ ಮಾಡಿದೆವು. ಒಂದು ಕೋಣೆಯೇ ಖಾಲಿಯಾಯಿತು" ಎಂದೆ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದ ಹೇಳಿದೆ. ಯಶವಂತಪುರದ ಗುಜರಿಯವನ ಟೆಂಪೋಗೆ ಆ ರಿಜಿಸ್ಟರುಗಳನ್ನು ತುಂಬಿಸಲು ಸಹಿ ಹಾಕಿದವನು ನಾನೇ.

ಹೆಲ್ಮಿ ಪುಸ್ತಕದ ಪುಟದಂಚಿಗೆ ಬೆರಳಿಟ್ಟರು. ಅಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಗೀಚಿತ್ತು. ಓದಿ ಹೇಳಿದರು: "ಇವತ್ತು ನನಗೆ ಜ್ವರ. ಹೆಂಡತಿ ಓದಿದಳು. ಒಂದು ಗಂಟೆ ತಡ." ಆಮೇಲೆ ನನ್ನ ಕಡೆ ನೋಡಿ, "ನಾವು ಮೊದಲು ಟೈಪು ಮಾಡುವುದು ಅಂಚನ್ನು. ಅಂಕಿ ಆಮೇಲೆ" ಎಂದರು.

ನಾನು ಆ ಅಂಚನ್ನೇ ನೋಡುತ್ತಾ ನಿಂತೆ. ಪೆನ್ಸಿಲ್. ಸಣ್ಣ ಅಕ್ಷರ. ಎಲ್ಲೋ ನೋಡಿದ್ದೆ.

ನಮ್ಮ ಸಂಸ್ಥೆಯ ಎಸಿ ಕೋಣೆಯಲ್ಲಿ, ಏಳು ವರ್ಷದ ಹಿಂದೆ, ಟೈಪು ಮಾಡುವ ಹುಡುಗಿ ಮುನಿಯಪ್ಪನವರ ರಿಜಿಸ್ಟರನ್ನು ನನ್ನ ಮೇಜಿಗೆ ತಂದಿಟ್ಟಿದ್ದಳು. "ಸಾರ್, ಪಕ್ಕದಲ್ಲಿ ಅಲ್ಲಲ್ಲಿ ಪೆನ್ಸಿಲಲ್ಲಿ ಏನೋ ಬರ್ದಿದಾರೆ. ಏಳು ಹತ್ತು, ಏಳು ಇಪ್ಪತ್ತು ಅಂತ. ಕಂಪ್ಯೂಟರಲ್ಲಿ ಟೈಮು ಎಂಟೂವರೆ ಅಂತ ತಾನೇ ಬಂದ್ಬಿಡುತ್ತೆ. ಏನ್ ಮಾಡೋದು?" ಆ ನಮೂನೆ ಮಾಡಿದವನು ನಾನು. ಸಮಯದ ಜಾಗದಲ್ಲಿ ಎಂಟೂವರೆ ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಿದ್ದವನೂ ನಾನೇ, ದಿನಾ ಒತ್ತುವ ಶ್ರಮ ಉಳಿಯಲಿ ಎಂದು. ನಾನು ತಲೆಯೆತ್ತದೆ ಹೇಳಿದ್ದೆ: "ಮುಖ್ಯವಾಗಿದ್ರೆ ಪೆನ್ನಲ್ಲಿ ಬರೀತಿದ್ರು ಕಣಮ್ಮ. ಬಿಟ್ಬಿಡು."

ಮುನಿಯಪ್ಪ ಸುಳ್ಳು ಬರೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಏಳು ಹತ್ತಕ್ಕೆ ಓದಿ, ಏಳು ಹತ್ತು ಎಂದೇ ಬರೆದಿದ್ದರು. ಎಂಟೂವರೆ ಎಂದು ಬರೆದವನು ನಾನು. ಹಾಗೆ ಬರೆದು, ಅವರ ಬರಹವನ್ನು ಗುಜರಿಗೆ ಹಾಕಿ, ಸಾವಿರಾರು ಮೈಲಿ ಬಂದು ಅವರನ್ನು ಸುಳ್ಳರೆಂದು ಬರೆದಿದ್ದೆ.

ಅಲ್ಲಿ ಕುರ್ಚಿ ಇರಲಿಲ್ಲ. ಮೆಟ್ಟಿಲ ಮೇಲೆ ಕೂತುಕೊಂಡೆ. ಹೆಲ್ಮಿಗೆ ಎಲ್ಲ ಹೇಳಿದೆ. "ನಿನ್ನೆ ಬರೆದದ್ದನ್ನು ಅಳಿಸಿಕೊಡಿ" ಎಂದು ಬೇಡಿಕೊಂಡೆ. ಅವರೂ ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತರು. ನಡುವೆ ಎರಡು ಮಾರು ಜಾಗ ಬಿಡಲಿಲ್ಲ.

"ಆಗುವುದಿಲ್ಲ. ನಿಮಗೆ ಗೊತ್ತು, ಆಗುವುದಿಲ್ಲ" ಎಂದರು.

ಕೂಡಲೇ ನಿರ್ದೇಶಕರಿಗೆ ಫೋನು ಮಾಡಿದೆ. ಅಲ್ಲಿ ಆಗ ಸಂಜೆ.

"ನಿಮ್ಮ ಮೇಲ್ ನೋಡಿದ ತಕ್ಷಣ ಆಕ್ಷನ್ ತಗೊಂಡಿದೀನಿ ಕಣ್ರೀ" ಎಂದರು ಅವರು ಉತ್ಸಾಹದಿಂದ. "ಬೆಳಿಗ್ಗೆನೇ ಮೆಮೋ ಕೊಟ್ಟಾಯ್ತು. ಪೆಟ್ಟಿಗೆ ಬೀಗದ ಕೈ ಇಸ್ಕೊಂಡಾಯ್ತು. ಒಂದು ಮಾತೂ ಆಡ್ಲಿಲ್ಲ ಆಸಾಮಿ, ಕೊಟ್ಟು ಹೋದ."

ನಾನು ಆದದ್ದನ್ನು ಹೇಳಿದೆ. "ಹಾಗಾದ್ರೆ ವಾಪಸ್ ಬನ್ನಿ, ಕೂತ್ಕೊಂಡು ಮಾತಾಡೋಣ" ಎಂದು ಇಟ್ಟರು.

ಹೊರಗೆ ಬಂದೆ. ಕತ್ತಲಾಗಿತ್ತು. ಹಿಮದ ಮೇಲೆ ಹೆಂಗಸೊಬ್ಬಳು ಮಗುವನ್ನು ಹಿಂದೆ ಕೂರಿಸಿಕೊಂಡು ಸೈಕಲ್ ತುಳಿಯುತ್ತಿದ್ದಳು. ನನಗೆ ಸಿಂಗಾಪುರದಿಂದ ಬರುವ ಸೈಕಲ್ಲಿನ ನೆನಪಾಯಿತು. ಅಳು ಬಂತು, ಅತ್ತೆ. ಕಣ್ಣೀರು ಕೆನ್ನೆಯ ಮೇಲೆ ತಣ್ಣಗಾಗುವುದು ನನಗೆ ಗೊತ್ತಾಗುತ್ತಿತ್ತು. ದಾರಿಯಲ್ಲಿ ಹೋಗುವವರು ಯಾರೂ ಏಕೆಂದು ಕೇಳಲಿಲ್ಲ. ಆ ದೇಶದ ಈ ಅಭ್ಯಾಸಕ್ಕೆ ನಾನು ಅಂದು ಋಣಿಯಾದೆ.

ಮತ್ತೆ ಹೆಬ್ಬಾಳ

ಭಾನುವಾರ ಬಂದಿಳಿದು ಸೋಮವಾರ ಕಚೇರಿಗೆ ಹೋದೆ. ಬಿಳಿ ಪೆಟ್ಟಿಗೆಗೆ ಹೊಸ ಬೀಗ ಜಡಿದಿತ್ತು. ಒಳಗೆ ಉಷ್ಣಮಾಪಕಗಳು ಯಾರಿಗೂ ಹೇಳದೆ ಏರಿಳಿಯುತ್ತಿದ್ದವು. ಗುರುವಾರ ಬೆಳಿಗ್ಗೆ ಮುನಿಯಪ್ಪ ಓದಿ ಬರೆದದ್ದೇ ಕೊನೆಯದು. ಶುಕ್ರ, ಶನಿ, ಭಾನು, ಸೋಮ ಖಾಲಿ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಬೀರು ತೆಗೆದು ಈ ವರ್ಷದ ಹಾಳೆಗಳನ್ನು ಹೊರಗೆಳೆದೆ. ರಿಜಿಸ್ಟರು ನಿಲ್ಲಿಸಿದ ಮೇಲೆ ನಾವು ಅವರಿಗೆ ಅಚ್ಚು ಹಾಕಿಸಿದ ಹಾಳೆ ಕೊಡುತ್ತಿದ್ದೆವು. ಅದರಲ್ಲಿ 'ಸಮಯ 8.30' ಎಂದು ಮೊದಲೇ ಅಚ್ಚಾಗಿರುತ್ತಿತ್ತು. ಅಂಚೂ ಇರಲಿಲ್ಲ. ತಿಂಗಳ ಹಾಳೆಯ ಮುಂಭಾಗ ನೋಡಿದೆ, ಬರೀ ಅಂಕಿಗಳು. ತಿರುವಿದೆ. ಬೆನ್ನಿನಲ್ಲಿ ಪೆನ್ಸಿಲಿನಲ್ಲಿ, ಒಂದರ ಕೆಳಗೊಂದು, ಆ ತಿಂಗಳ ಸೋಮವಾರಗಳಿದ್ದವು. ಏಳು ಹತ್ತು. ಏಳು ಹತ್ತು. ಏಳು ಇಪ್ಪತ್ತು, ಸೈಕಲ್ ಪಂಚರ್. ಏಳು ಹತ್ತು. ಎಲ್ಲ ತಿಂಗಳೂ ಹಾಗೆಯೇ. ಹಿಂದಿನ ವರ್ಷಗಳ ಹಾಳೆಗಳು ರಿಜಿಸ್ಟರುಗಳು ಹೋದ ದಾರಿಯಲ್ಲೇ ಹೋಗಿದ್ದವು.

ಹಾಳೆಗಳನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಓದಿದರು. ಕೆಟ್ಟವರಲ್ಲ, ಮುಖ ಸಪ್ಪಗಾಯಿತು. ಆದರೆ ಕುರ್ಚಿಯಲ್ಲಿ ಕೂತವರಿಗೆ ಮುಖಕ್ಕಿಂತ ಕುರ್ಚಿ ದೊಡ್ಡದು.

"ಈ ವರ್ಷದ್ದು ಸರಿ. ಮಿಕ್ಕಿದ್ದಕ್ಕೆ ಪ್ರೂಫ್ ಎಲ್ಲಿದೆ?" ಎಂದರು. "ಮೆಮೋ ವಾಪಸ್ ತಗೊಳ್ತೀನಿ, ಬರೋಕೆ ಹೇಳಿ ಅವರಿಗೆ. ಈ ಖಾಲಿ ದಿನ ಇದೆಯಲ್ಲ, ಯಲಹಂಕದ ಕಡೆ ಇನ್ನೊಂದು ಕೇಂದ್ರ ಇದೆ, ಅವರ ಅಂಕಿ ಇಸ್ಕೊಂಡು ಸ್ವಲ್ಪ ಅಡ್ಜಸ್ಟ್ ಮಾಡಿ ತುಂಬಿಸ್ಬಿಡಿ. ಸೀರೀಸ್ ಕಟ್ ಆಗ್ಬಾರ್ದು."

ಸಿಂಗಾಪುರ

ಮುನಿಯಪ್ಪನವರ ಮನೆ ಅವರ ತಮ್ಮ ಕಟ್ಟಿಸಿದ ಮೂರಂತಸ್ತಿನ ಕಟ್ಟಡದ ನೆಲಮಹಡಿಯಲ್ಲಿದೆ. ಬಾಗಿಲ ಪಕ್ಕದಲ್ಲಿ ಸೈಕಲ್ ಒರಗಿತ್ತು. ಅವರು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದರು. ನನ್ನನ್ನು ನೋಡಿ ಎದ್ದು ಕುರ್ಚಿ ತಂದು ಹಾಕಿದರು. ಸೊಸೆಯನ್ನು ಕರೆದು ಕಾಫಿ ಇಡಲು ಹೇಳಿದರು. ಚೆನ್ನಾಗಿ ಹೋಗಿ ಬಂದಿರಾ ಎಂದು ಕೇಳಿದರು. ಅವರು ಬೈದಿದ್ದರೆ ನನಗೆ ಹೇಳಲು ಸುಲಭವಾಗುತ್ತಿತ್ತು.

ಎಲ್ಲ ಹೇಳಿದೆ. ಗುಂಡಿ ಒತ್ತಿದ್ದು, ಟೈಪು ಮಾಡುವ ಹುಡುಗಿಗೆ ನಾನು ಹೇಳಿದ ಮಾತು, ಯಶವಂತಪುರದ ಟೆಂಪೋ, ಯಾವುದನ್ನೂ ಬಿಡಲಿಲ್ಲ.

"ಪೆನ್ಸಿಲ್ ಅಂತ ಬುಟ್ರಾ?" ಎಂದರು ಅವರು.

ಹೌದು ಎಂದೆ.

"ನಾನೇನ್ ಕದ್ದು ಮಾಡಿದ್ದಲ್ಲ ಸಾ. ಹಳೇ ಸಾಯೇಬ್ರಿಗೆ ಸುರೂನಲ್ಲೇ ಏಳಿದ್ದೆ. ಪೆಟ್ಟಿಗೆ ಬಾಗ್ಲು ತೆಗ್ಯೋದು ಅಂದ್ರೆ ದಿನ ಸುರು ಮಾಡ್ದಂಗೆ, ರಾಹುಕಾಲ್ದಾಗೆ ನನ್ ಕೈಯಾಗ್ ಆಗಲ್ಲ ಅಂತ. ಅವ್ರು ನಕ್ಕುಬುಟ್ಟು, ಎಷ್ಟೊತ್ತಿಗ್ ಬೇಕಾದ್ರೂ ಓದಪ್ಪ, ಓದಿದ್ ಒತ್ತು ಮಾತ್ರ ಬರ್ದಿಡು ಅಂದ್ರು. ಬರ್ದೆ. ಪೆನ್ನಿನ ಜಾಗ್ದಾಗೆ ಬರೀ ಅಂಕಿ ಇರ್ಬೇಕು ಅಂತ ರೂಲ್ಸು, ಅದ್ಕೇ ಪೆನ್ಸಿಲ್ಲು."

"ಅಲ್ಲಿ ಬರೆದದ್ದರ ಕೆಳಗೆ ನಿಜ ಏನು ಅಂತ ನಾನು ಬರೀತೀನಿ ಮುನಿಯಪ್ಪ."

"ಮೇಲ್ಗಡೆ ಇರೋದ್ನ ಅಳ್ಸಾಕ್ ಆಗಲ್ವಾ?"

"ಆಗಲ್ಲ."

ಅವರು ಬೀದಿಯ ಕಡೆ ನೋಡಿದರು. "ಕೆಳಗಿರೋದ್ನ ಓದೋರು ಎಷ್ಟ್ ಜನ ಸಾ? ನೀವೇ ಆಳೆ ತಿರುವಿ ನೋಡ್ಲಿಲ್ಲ" ಎಂದರು.

ಕಾಫಿ ಬಂತು. ಕುಡಿದೆವು. ಸಾಹೇಬರು ಮೆಮೋ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ, ನಾಳೆಯಿಂದ ಬನ್ನಿ ಎಂದು ಕೈ ಮುಗಿದು ಕೇಳಿಕೊಂಡೆ.

"ಬರಾಕಿಲ್ಲ ಸಾ" ಎಂದರು. ಧ್ವನಿ ಏರಲಿಲ್ಲ. "ಬೀಗದ ಕೈ ಕೊಟ್ಟು ಒಂಟಾಗ ಗೇಟ್ ತಾವ ಗಾರ್ಡು ನನ್ ಚೀಲ ಬಿಚ್ಚಿ ತಡಕ್ದ. ಊಟದ್ ಡಬ್ಬಿನೂ ತೆಗ್ದು ನೋಡ್ದ. ದಿನಾ ನಂಗೆ ನಮಸ್ಕಾರ ಮಾಡ್ತಿದ್ದೋನು."

ನಾನು ಎದ್ದು ಹೊರಡುವಾಗ ಅವರೇ ಕೇಳಿದರು. "ನಾನ್ ಓಗ್ದೆ ಇರೋ ದಿನಗಳಿಗೆ ಏನ್ ಮಾಡ್ತೀರಾ?"

ಸುಳ್ಳು ಹೇಳಲು ಆಗಲಿಲ್ಲ. "ಬೇರೆ ಕಡೆಯಿಂದ ಅಂಕಿ ತಂದು ತುಂಬಿಸಿ ಅಂದಿದಾರೆ" ಎಂದೆ.

ಅಲ್ಲಿಯವರೆಗೆ ಕೂತೇ ಮಾತಾಡುತ್ತಿದ್ದ ಮುನಿಯಪ್ಪ ಎದ್ದು ನಿಂತರು. "ತುಂಬ್ಬೇಡಿ ಸಾ. ನಿಮ್ಗೆ ಕೈ ಮುಗೀತೀನಿ. ಖಾಲಿ ಬುಡಿ. ಅವತ್ತು ಅಲ್ಲಿ ಯಾರೂ ಇರ್ಲಿಲ್ಲ ಅಂತ ಕಾಣ್ಲಿ" ಎಂದರು.

ಮಾರನೆಯ ದಿನ ಬೆಳಿಗ್ಗೆ ನನ್ನ ಎಸಿ ಕೋಣೆಯಲ್ಲಿ ಕೂತು ಔಲುವಿನ ಆ ವ್ಯವಸ್ಥೆಯನ್ನು ತೆರೆದೆ. ಮಂಗಳವಾರವೂ ಖಾಲಿಯಾಗಿತ್ತು, ಒಟ್ಟು ಐದು ಖಾಲಿ ಮನೆಗಳಾದವು. ಯಲಹಂಕದ ಅಂಕಿ ತುಂಬಲಿಲ್ಲ, ಅವನ್ನು ಖಾಲಿಯಾಗಿಯೇ ಬಿಟ್ಟೆ. ಟಿಪ್ಪಣಿಯ ಜಾಗದಲ್ಲಿ ಬರೆದೆ: 'ಸೋಮವಾರಗಳ ನಿಜವಾದ ಸಮಯವನ್ನು ಓದುವವರು ಬರೆದಿದ್ದರು. ಅದನ್ನು ಕೈಬಿಟ್ಟು ಎಂಟೂವರೆ ಎಂದು ತುಂಬಿದವನು ನಾನು. ಮೂಲ ಕಾಗದವನ್ನು ಗುಜರಿಗೆ ಹಾಕಿಸಿದವನು ನಾನು. ಸುಳ್ಳು ಆರೋಪ ಹೊರಿಸಿದ್ದರಿಂದ ಓದುವುದು ನಿಂತಿದೆ. ಹೊರಿಸಿದವನೂ ನಾನು.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಇನ್ನು ಅಳಿಸಲಾಗುವುದಿಲ್ಲ, ಮುಂದುವರಿಯಬೇಕೇ ಎಂದು ಯಂತ್ರ ಕೇಳಿತು. ಒತ್ತುವ ಮೊದಲು ಒಮ್ಮೆ ಮೇಲಿಂದ ಕೆಳಗೆ ಓದಿದೆ. ಸಮಯ ಎಂಬ ಜಾಗದಲ್ಲಿ, ನಮ್ಮ ಅಂಕಿಗಳ ಜೊತೆ ಅಲ್ಲಿಗೂ ಹೋಗಿದ್ದ ನನ್ನ ಹಳೆಯ ನಮೂನೆಯಂತೆ, 8.30 ಎಂದು ತಾನಾಗಿಯೇ ತುಂಬಿಕೊಂಡಿತ್ತು. ಅದನ್ನು ತೆಗೆದೆ. ಗೋಡೆಯ ಗಡಿಯಾರ ನೋಡಿ ಒಂಬತ್ತು ಇಪ್ಪತ್ತು ಎಂದು ಬರೆದು, ಒತ್ತಿದೆ.